ಸತ್ತದ್ದು ಲ್ಯಾಪ್‌ಟಾಪು, ನಿಮ್ಮ ಫೈಲಲ್ಲ!

(ಕನ್ನಡ ಯುವಕ ಯುವತಿಯರ ಭಾನುವಾರದ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹರೂಪ)



ನಾನು ಇಂಜಿನಿಯರ್ ಅಲ್ಲ. ಪಿ.ಯು.ಸಿ. ಮುಗಿಸಿ ನಮ್ಮಪ್ಪನ ಪ್ರೆಸ್ಸಿನಲ್ಲಿ ಬಂದು ಕೂತವನು. ಇಲ್ಲಿರುವ ನಿಮ್ಮಲ್ಲಿ ಅರ್ಧ ಜನ ಎಲೆಕ್ಟ್ರಾನಿಕ್ ಸಿಟಿಗೋ ವೈಟ್‌ಫೀಲ್ಡಿಗೋ ದಿನಾ ಹೋಗಿ ಬರುವವರು. ನಿಮಗೆ ಕಂಪ್ಯೂಟರಿನ ಬಗ್ಗೆ ನಾನೇನು ಹೇಳಲಿ ಎಂದು ಕರೆಯಲು ಬಂದವರನ್ನೇ ಕೇಳಿದೆ. "ಸಾರ್, ಇವ್ರು ಪ್ರೋಗ್ರಾಂ ಬರೀತಾರೆ. ಆದ್ರೆ ಲ್ಯಾಪ್‌ಟಾಪ್ ಆನ್ ಆಗ್ಲಿಲ್ಲ ಅಂದ್ರೆ ಜಾತ್ರೇಲಿ ಅಮ್ಮನ್ನ ಕಳ್ಕೊಂಡ ಮಗು ಥರ ಅಂಗಡಿ ಮುಂದೆ ನಿಂತ್ಕೋತಾರೆ" ಅಂದರು. ಸರಿ, ಹಾಗಾದರೆ ನನಗೂ ಇಲ್ಲಿ ಕೆಲಸವಿದೆ ಎಂದು ಬಂದೆ.

ಪ್ರೆಸ್ಸಿನವನ ಪಾಡು ನಿಮಗೆ ಗೊತ್ತಿರಲಿಕ್ಕಿಲ್ಲ. ನಾಡಿದ್ದು ಪುಸ್ತಕ ಬಿಡುಗಡೆ. ಅತಿಥಿಗಳಿಗೆ ಹೇಳಿಯಾಗಿದೆ, ಸಭಾಂಗಣಕ್ಕೆ ದುಡ್ಡು ಕಟ್ಟಿಯಾಗಿದೆ. ಇವತ್ತು ರಾತ್ರಿ ಕೊನೆಯ ಫಾರಂ ಅಚ್ಚಿಗೆ ಹೋಗಬೇಕು. ಅಷ್ಟರಲ್ಲಿ ಕಂಪ್ಯೂಟರ್ ಕಣ್ಣು ಮುಚ್ಚಿಕೊಳ್ಳುತ್ತದೆ! ಇಪ್ಪತ್ತು ವರ್ಷಗಳಲ್ಲಿ ಇಂಥ ರಾತ್ರಿಗಳನ್ನು ಎಷ್ಟು ಕಂಡಿದ್ದೇನೋ ಲೆಕ್ಕವಿಟ್ಟಿಲ್ಲ. ಈಗ ಹೇಳುವುದೆಲ್ಲ ಆ ರಾತ್ರಿಗಳಲ್ಲಿ ಕಲಿತ ವಿದ್ಯೆ.

ಮೊದಲ ಮಾತು. ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ ಎನ್ನುವುದು ಒಂದು ಸಂಗತಿ. ಫೈಲು ಹೋಯಿತು ಎನ್ನುವುದು ಬೇರೆಯೇ ಸಂಗತಿ. ಎರಡನ್ನೂ ಒಂದೇ ಎಂದುಕೊಂಡು ಎದೆ ಬಡಿದುಕೊಳ್ಳುತ್ತೇವೆ. ಲ್ಯಾಪ್‌ಟಾಪ್ ಎನ್ನುವುದು ಚಾರ್ಜರು, ಬ್ಯಾಟರಿ, ಮದರ್‌ಬೋರ್ಡು, ಪರದೆ, ರ್‍ಯಾಮ್, ಫ್ಯಾನು, ವಿಂಡೋಸು ಇಷ್ಟೂ ಸೇರಿದ ಒಂದು ದೊಡ್ಡ ಕೂಡುಕುಟುಂಬ. ನಿಮ್ಮ ಫೈಲು ಇರುವುದು ಈ ಮನೆಯ ಒಂದೇ ಒಂದು ಕೋಣೆಯಲ್ಲಿ. ಅದು ಡಿಸ್ಕ್. ಉಳಿದ ಯಾವ ಸದಸ್ಯ ಕೈಕೊಟ್ಟರೂ ಯಂತ್ರ ಏಳುವುದಿಲ್ಲ, ಆದರೆ ಕೋಣೆಯೊಳಗಿನ ಪೆಟ್ಟಿಗೆ ಹಾಗೇ ಇರುತ್ತದೆ.

ನಂಬಿಕೆ ಬರಲಿಲ್ಲವೇ? ೨೦೨೪ರ ಜುಲೈ ೧೯ ನೆನಪಿಸಿಕೊಳ್ಳಿ. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಲೋಕದ ತುಂಬ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ಲೆಕ್ಕ ಕೊಟ್ಟದ್ದು ಮೈಕ್ರೋಸಾಫ್ಟೇ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಅಷ್ಟೂ ಯಂತ್ರಗಳ ಒಳಗೆ ಜನರ ಫೈಲುಗಳು ಸುರಕ್ಷಿತವಾಗಿದ್ದವು. ಸೇಫ್ ಮೋಡಿನಲ್ಲಿ ಹೋಗಿ ಒಂದು ಫೈಲು ಅಳಿಸಿದರೆ ಯಂತ್ರ ಎದ್ದು ಕೂರುತ್ತಿತ್ತು. ಅವತ್ತು ಗಾಬರಿಯಲ್ಲಿ ಯಾರಾದರೂ "ಫಾರ್ಮ್ಯಾಟ್ ಮಾಡಿಬಿಡು" ಎಂದಿದ್ದರೆ ಕೊಲೆ ಮಾಡಿದವರು ಅವರೇ, ಕ್ರೌಡ್‌ಸ್ಟ್ರೈಕ್ ಅಲ್ಲ.

ಈ "ಫಾರ್ಮ್ಯಾಟ್" ಎಂಬ ಮಾತಿಗೆ ಬರೋಣ. ಅಂಗಡಿಯ ಹುಡುಗನನ್ನು ನಾನು ಬೈಯುವುದಿಲ್ಲ. ದಿನಕ್ಕೆ ಹತ್ತು ಲ್ಯಾಪ್‌ಟಾಪ್ ಬರುತ್ತವೆ, ಸಂಜೆಯೊಳಗೆ ಹತ್ತನ್ನೂ ಎಬ್ಬಿಸಬೇಕು. ನೀವು ಕೇಳಿದ್ದೂ "ಆನ್ ಮಾಡಿಕೊಡಿ" ಅಂತಲೇ ತಾನೆ? ಡಿಸ್ಕ್ ಒರೆಸಿ ವಿಂಡೋಸನ್ನು ಹೊಸದಾಗಿ ಹಾಕಿದರೆ ಒಂದು ಗಂಟೆಯಲ್ಲಿ ಆನ್ ಆಗುತ್ತದೆ. ಅವನು ಕೇಳಿದ್ದನ್ನು ಕೊಟ್ಟ. ಅದಕ್ಕೇ ಕೇಳುವ ಮಾತನ್ನು ಬದಲಿಸಿ: "ಫೈಲು ಮೊದಲು, ರಿಪೇರಿ ಆಮೇಲೆ. ನನ್ನನ್ನು ಕೇಳದೆ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ." ಇದನ್ನು ಬಿಲ್ಲಿನ ಮೇಲೆ ಬರೆಸಿ, ಸಹಿ ಹಾಕಿಸಿಕೊಳ್ಳಿ. ಸಂಕೋಚ ಬೇಡ.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಪ್ರೆಸ್ಸಿಗೆ ಬಂದ. ಹಗಲು ಬ್ಯಾಂಕೊಂದರ ಕಾಲ್ ಸೆಂಟರಿನಲ್ಲಿ ಕೆಲಸ. ರಜೆ ಸಿಕ್ಕಾಗಲೆಲ್ಲ ಊರಿಗೆ ಹೋಗಿ, ಸುತ್ತಮುತ್ತಲ ಏಳು ಹಳ್ಳಿಗಳ ಮುದುಕಿಯರಿಂದ ಸೋಬಾನೆ ಪದ, ಬೀಸೋಪದ ಕೇಳಿ ರೆಕಾರ್ಡ್ ಮಾಡಿಕೊಂಡು ಟೈಪ್ ಮಾಡಿದ್ದ. ಮುನ್ನೂರು ಚಿಲ್ಲರೆ ಪುಟ. ಪುಸ್ತಕ ಮಾಡೋಣ, ಅಂದಾಜು ಕೊಡಿ ಎಂದು ನನ್ನ ಹತ್ತಿರ ಎರಡು ಸಲ ಬಂದು ಹೋಗಿದ್ದ. ಮೂರನೇ ಸಲ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಲ್ಯಾಪ್‌ಟಾಪ್ ಏಳುತ್ತಿಲ್ಲ. ಅಂಗಡಿಯವನು "ವಿಂಡೋಸ್ ಹೋಗಿದೆ, ಹೊಸದಾಗಿ ಹಾಕ್ಬೇಕು, ಡೇಟಾ ಬರಲ್ಲ" ಎಂದಿದ್ದಾನೆ. ನಾಳೆ ಬೆಳಿಗ್ಗೆ ಹೂಂ ಅಂತ ಹೇಳಬೇಕು. "ಮತ್ತೆ ಊರಿಗೆ ಹೋಗಿ ರೆಕಾರ್ಡ್ ಮಾಡ್ಕೊಂಡ್ರಾಯ್ತು ಬಿಡು" ಎಂದು ಜೊತೆಯಲ್ಲಿ ಬಂದ ಗೆಳೆಯ ಸಮಾಧಾನ ಹೇಳಿದ. ಆ ಹುಡುಗ ನಿಧಾನಕ್ಕೆ ಹೇಳಿದ: "ಹಾಡಿದೋರಲ್ಲಿ ಇಬ್ರು ತೀರ್ಕೊಂಡಿದಾರೆ."

ಇದನ್ನು ಯಾಕೆ ಹೇಳಿದೆ ಗೊತ್ತೆ? ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಇಂಗ್ಲಿಷ್ ಸಿನಿಮಾ, ಇಂಗ್ಲಿಷ್ ಪುಸ್ತಕ, ಸಾಫ್ಟ್‌ವೇರು ಎಲ್ಲವೂ ಬೇರೆ ಎಲ್ಲೋ ಸಾವಿರ ಕಡೆ ಇದೆ. ಹೋದರೆ ಮತ್ತೆ ಇಳಿಸಿಕೊಳ್ಳಬಹುದು. ನೀವು ಕನ್ನಡದಲ್ಲಿ ಕೂತು ಟೈಪ್ ಮಾಡಿದ್ದು, ನಿಮ್ಮ ಅಜ್ಜಿಯ ದನಿ, ನಿಮ್ಮ ಊರಿನ ಶಾಸನದ ಫೋಟೋ, ನಿಮ್ಮ ಸಂಘದ ಸ್ಮರಣ ಸಂಚಿಕೆ, ಇವು ಭೂಮಿಯ ಮೇಲೆ ಆ ಒಂದು ಪೆಟ್ಟಿಗೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಹುಡುಗನ ಕತೆ ಏನಾಯಿತು, ಮುಂದೆ ಹೇಳುತ್ತೇನೆ. ಈಗ ಕೆಲಸಕ್ಕೆ ಇಳಿಯೋಣ.

ಗುಂಡಿ ಒತ್ತಿದಿರಿ. ಏನೂ ಇಲ್ಲ. ದೀಪವಿಲ್ಲ, ಸದ್ದಿಲ್ಲ. ಮೊದಲು ಗೋಡೆಯ ಸಾಕೆಟ್ಟಿಗೆ ಬೇರೆ ಏನಾದರೂ ಹಾಕಿ ನೋಡಿ. ನಗಬೇಡಿ, ಬರುವ ಕೇಸುಗಳಲ್ಲಿ ಕೆಲವು ಅಲ್ಲೇ ಮುಗಿಯುತ್ತವೆ. ಆಮೇಲೆ ಅದೇ ಅಳತೆಯ ಇನ್ನೊಂದು ಚಾರ್ಜರ್ ಹಾಕಿ ನೋಡಿ. ಆಗಲೂ ಇಲ್ಲವೆಂದರೆ ಚಾರ್ಜರ್ ಕಿತ್ತು, ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಬಿಚ್ಚಿ, ಪವರ್ ಗುಂಡಿಯನ್ನು ಒಂದು ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ತು ಬರಿದಾಗುತ್ತದೆ. ಬಳಿಕ ಚಾರ್ಜರ್ ಮಾತ್ರ ಹಾಕಿ ಒತ್ತಿ ನೋಡಿ. ಮಂತ್ರವಾದಿಯ ಕೆಲಸದ ಹಾಗೆ ಕಾಣುತ್ತದೆ, ಆದರೆ ಎಷ್ಟೋ ಯಂತ್ರಗಳು ಇದಕ್ಕೇ ಎದ್ದಿವೆ. ಒಂದು ಎಚ್ಚರಿಕೆ: ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ, ಕೆಳಗಿನ ಮುಚ್ಚಳ ಬಾಯಿ ಬಿಟ್ಟಿದ್ದರೆ ಒಳಗೆ ಬ್ಯಾಟರಿ ಊದಿದೆ ಎಂದರ್ಥ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಲಿಥಿಯಂ ಹೊತ್ತಿಕೊಂಡರೆ ಫೈಲೂ ಇಲ್ಲ, ಮೇಜೂ ಇಲ್ಲ.

ದೀಪ ಬಂತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಆಗ ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಚಿತ್ರ ಕಾಣಿಸಿದರೆ ಸತ್ತದ್ದು ಪರದೆಯ ಹಿಂದಿನ ಬೆಳಕು ಅಷ್ಟೆ. ಎಚ್.ಡಿ.ಎಂ.ಐ. ತಂತಿ ಹಾಕಿ ಮನೆಯ ಟಿ.ವಿ.ಗೆ ಜೋಡಿಸಿ. ನಿಮ್ಮ ವಿಂಡೋಸ್ ಟಿ.ವಿ.ಯಲ್ಲಿ ನಗುತ್ತಾ ಕೂತಿರುತ್ತದೆ! ಫೈಲನ್ನೆಲ್ಲ ಹೊರಗಿನ ಡಿಸ್ಕಿಗೆ ಎಳೆದುಕೊಳ್ಳಿ, ಪರದೆ ಬದಲಿಸಲು ಆಮೇಲೆ ಹೋಗಿ. ಟಿ.ವಿ.ಯಲ್ಲೂ ಬರಲಿಲ್ಲವೆಂದರೆ ರ್‍ಯಾಮ್ ಸಡಿಲವಾಗಿರಬಹುದು. ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿಯ ಕೊಂಡಿ ತಪ್ಪಿಸಿ, ರ್‍ಯಾಮ್ ತೆಗೆದು ಮತ್ತೆ ಟಕ್ ಎನ್ನುವಂತೆ ಕೂರಿಸಿ. ಈಚಿನ ತೆಳು ಲ್ಯಾಪ್‌ಟಾಪುಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಈ ಆಟ ನಡೆಯುವುದಿಲ್ಲ.

ಕಂಪನಿಯ ಲಾಂಛನ ಬರುತ್ತದೆ, ಚುಕ್ಕಿಗಳು ಸುತ್ತುತ್ತವೆ, ಮತ್ತೆ ಮೊದಲಿಂದ ಶುರು. ಇದು ವಿಂಡೋಸಿನ ಕಾಯಿಲೆ. ವಿಂಡೋಸ್ ಮೂರು ಸಲ ಏಳಲು ಹೋಗಿ ಬಿದ್ದರೆ ತಾನಾಗಿ ಒಂದು ನೀಲಿ ದುರಸ್ತಿ ಪರದೆ ತೋರಿಸುತ್ತದೆ. ಅಲ್ಲಿ "ರಿಸೆಟ್ ದಿಸ್ ಪಿಸಿ" ಎಂದು ಎಲ್ಲಕ್ಕಿಂತ ಮುಂದೆ ಕರೆಯುತ್ತಿರುತ್ತದೆ. ಫೈಲು ಕೈಗೆ ಸಿಗುವ ತನಕ ಆ ಕಡೆ ಬೆರಳು ಹೋಗಕೂಡದು. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್ ಎಂದು ಒಳಗೆ ಹೋಗಿ. ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ನೋಟ್‌ಪ್ಯಾಡ್ ತೆರೆಯುತ್ತದೆ. ಅದರಲ್ಲಿ ಫೈಲ್, ಓಪನ್ ಒತ್ತಿ, ಕೆಳಗೆ "ಆಲ್ ಫೈಲ್ಸ್" ಆರಿಸಿ. ಏನು ಕಂಡಿತು? ನಿಮ್ಮ ಇಡೀ ಡಿಸ್ಕ್! ಬೇಕಾದ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ಕಾಪಿ ಮಾಡಿ, ಪೆನ್‌ಡ್ರೈವಿನಲ್ಲಿ ಪೇಸ್ಟ್ ಮಾಡಿ. ನಿಮ್ಮ "ಸಿ" ಡ್ರೈವ್ ಅಲ್ಲಿ "ಡಿ" ಎಂದೋ "ಇ" ಎಂದೋ ವೇಷ ಹಾಕಿರಬಹುದು, ಹುಡುಕಿ. ಕಾಪಿ ನಡೆಯುವಾಗ ಪರದೆ ಮರಗಟ್ಟಿದಂತೆ ಕಾಣುತ್ತದೆ, ಕೈ ಕಟ್ಟಿ ಕೂತಿರಿ.

ಆ ದುರಸ್ತಿ ಪರದೆಯೂ ಬರಲಿಲ್ಲವೆಂದರೆ ಲಿನಕ್ಸ್ ಇದೆ. ಗೆಳೆಯನ ಕಂಪ್ಯೂಟರಿನಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್ ಇಳಿಸಿಕೊಂಡು, ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ ಅದನ್ನು ಖಾಲಿ ಪೆನ್‌ಡ್ರೈವಿಗೆ ಹಾಕಿ. ಪೆನ್‌ಡ್ರೈವಿನಲ್ಲಿ ಮೊದಲು ಇದ್ದದ್ದು ಅಳಿಸಿಹೋಗುತ್ತದೆ, ಅದಕ್ಕೇ ಖಾಲಿ ಎಂದೆ. ಕಾಯಿಲೆ ಬಿದ್ದ ಲ್ಯಾಪ್‌ಟಾಪಿಗೆ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಪಟ್ಟಿಯ ಕೀಲಿ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್ ೧೨, ಎಚ್.ಪಿ.ಯಲ್ಲಿ ಎಫ್ ೯, ಏಸಸ್‌ನಲ್ಲಿ ಎಸ್ಕೇಪ್. "ಟ್ರೈ" ಮತ್ತು "ಇನ್‌ಸ್ಟಾಲ್" ಎಂದು ಎರಡು ದಾರಿ ಕಂಡರೆ "ಟ್ರೈ" ಒತ್ತಿ. ಇನ್‌ಸ್ಟಾಲ್ ಒತ್ತಿದಿರೋ, ಡಿಸ್ಕ್ ಒರೆಸುವ ಬಾಗಿಲು ಅಲ್ಲೇ ಇದೆ. ಲಿನಕ್ಸ್ ಪೆನ್‌ಡ್ರೈವಿನಿಂದಲೇ ಓಡುತ್ತದೆ, ನಿಮ್ಮ ವಿಂಡೋಸಿನ ಹಂಗು ಅದಕ್ಕಿಲ್ಲ. ಒಂದು ಪೈಸೆ ಕೊಡಬೇಕಿಲ್ಲ.

ಬೋರ್ಡೇ ಸುಟ್ಟಿದ್ದರೆ? ಡಿಸ್ಕನ್ನೇ ಹೊರಗೆ ತೆಗೆಯಿರಿ. ಹಳೆಯದಾದರೆ ಅಂಗೈ ಅಗಲದ ಎರಡೂವರೆ ಇಂಚಿನ ಪೆಟ್ಟಿಗೆ. ಈಚಿನದಾದರೆ ಚ್ಯೂಯಿಂಗ್ ಗಮ್ ಪಟ್ಟಿಯಂಥ ಎಂ ೨ ಎಂಬ ಪಟ್ಟಿ. ಎರಡಕ್ಕೂ ಯು.ಎಸ್.ಬಿ. ಕವಚ ಸಿಗುತ್ತದೆ. ಎಸ್.ಪಿ. ರೋಡಿನಲ್ಲಿ ಕೆಲವು ನೂರು ರೂಪಾಯಿಯಿಂದ ಶುರು. ಎಂ ೨ ಪಟ್ಟಿಗಳಲ್ಲೂ ಸಾಟಾ ಮತ್ತು ಎನ್.ವಿ.ಎಂ.ಇ. ಎಂಬ ಎರಡು ಜಾತಿಗಳಿವೆ, ಪಟ್ಟಿಯನ್ನೇ ಒಯ್ದು ತೋರಿಸಿ ತನ್ನಿ. ಕವಚಕ್ಕೆ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಪೆನ್‌ಡ್ರೈವಿನ ಹಾಗೆ ತೆರೆದುಕೊಳ್ಳುತ್ತದೆ. ಡಿಸ್ಕ್ ಬಿಚ್ಚುವುದು ಕಲಿತರೆ ಇನ್ನೊಂದು ಲಾಭವಿದೆ, ಹೆಣ್ಣುಮಕ್ಕಳು ಗಮನವಿಟ್ಟು ಕೇಳಿ. ಪರದೆಯೋ ಕೀಲಿಮಣೆಯೋ ರಿಪೇರಿಗೆ ಹೋಗಬೇಕಾದಾಗ ಡಿಸ್ಕನ್ನು ಮನೆಯಲ್ಲೇ ಇಟ್ಟು ಬರೀ ಯಂತ್ರ ಕೊಡಿ. ನಿಮ್ಮ ಫೋಟೋ, ನಿಮ್ಮ ಕಾಗದಪತ್ರ ಅಂಗಡಿಯವನಿಗೆ ಯಾಕೆ?

ಆ ಹುಡುಗನಿಗೆ ಮಾಡಿದ್ದೂ ಇದೇ. ಡಿಸ್ಕ್ ಹೊರಗೆ ಬಂತು, ನನ್ನ ಕಂಪ್ಯೂಟರಿಗೆ ಜೋಡಿಸಿದೆವು, ಫೋಲ್ಡರ್ ಕಾಣಿಸಿತು. ಅವನು ಕುಣಿಯುವುದೊಂದು ಬಾಕಿ. ಫೈಲು ತೆರೆದರೆ ಏನಿದೆ? ಇಂಗ್ಲಿಷಿನ ಪಿ, ಅದರ ಪಕ್ಕ ಟೊಪ್ಪಿ ಹಾಕಿದ ಎ, ಪೌಂಡ್ ಚಿಹ್ನೆ, ಜರ್ಮನ್ ಅಕ್ಷರ, ಕೊಂಬು ಬಾಲ! ಹುಡುಗ ಕುಸಿದು ಕೂತ. "ಕರಪ್ಟ್ ಆಗೋಗಿದೆ ಸಾರ್" ಅಂದ.

ಕರಪ್ಟೂ ಇಲ್ಲ, ಮಣ್ಣೂ ಇಲ್ಲ. ಅವನು ಟೈಪ್ ಮಾಡಿದ್ದು ಹಳೆಯ ನುಡಿ ಅಕ್ಷರದಲ್ಲಿ. ನನ್ನ ಆ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇರಲಿಲ್ಲ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಒಂದು ಅಜ್ಞಾನದಿಂದ ಎಷ್ಟು ಕನ್ನಡ ಬರಹ ಕಸದ ಬುಟ್ಟಿಗೆ ಹೋಗಿದೆಯೋ! ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು ೧೯೯೧ರಲ್ಲಿ. ವಿಂಡೋಸಿನಲ್ಲಿ ಅದು ಸಲೀಸಾಗಿ ಕಾಣಿಸಿಕೊಂಡದ್ದು ೨೦೦೧ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನ ಜೊತೆ. ಅದಕ್ಕೂ ಮೊದಲು, ಅದಾದ ಮೇಲೂ ಬಹಳ ವರ್ಷ ನಾವು ಪ್ರೆಸ್ಸಿನವರು ಬೇರೆ ಉಪಾಯದಲ್ಲಿ ಬದುಕಿದೆವು. ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷ್ ಅಕ್ಷರವೇ, ಅದರ ಮುಖಕ್ಕೆ ಕನ್ನಡದ ಬಣ್ಣ ಬಳಿಯುವುದು ಫಾಂಟು. ಕನ್ನಡ ಗಣಕ ಪರಿಷತ್ತಿನ ನುಡಿ, ೧೯೯೮ರಲ್ಲಿ ಶೇಷಾದ್ರಿ ವಾಸು ತಂದ ಬರಹ, ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ, ಎಲ್ಲವೂ ಈ ದಾರಿಯಲ್ಲೇ ನಡೆದವು. ಬಣ್ಣ ಬಳಿಯುವ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಳಗಿನ ಪರಂಗಿ ಮುಖ ಕಾಣುತ್ತದೆ.

ಹಾಗಾಗಿ ಆ ಟೊಪ್ಪಿ ಕೊಂಬು ಕಂಡರೆ ಅಳಿಸಬೇಡಿ. ನುಡಿ ಹಾಕಿಕೊಳ್ಳಿ, ಇಡೀ ಬರಹ ಆರಿಸಿ ನುಡಿ ಫಾಂಟ್ ಕೊಡಿ. ಕನ್ನಡ ಎದ್ದು ಬಂದರೆ ಸರಿ. ಅಕ್ಷರ ಬಂದು ಪದ ಅಡ್ಡಾದಿಡ್ಡಿಯಾಗಿದ್ದರೆ ಅದು ಬೇರೆ ಫಾಂಟಿನ ಮನೆಯದು, ಶ್ರೀಲಿಪಿಯದು ಹಾಕಿ ನೋಡಿ. ಒಂದರ ಬೀಗಕ್ಕೆ ಇನ್ನೊಂದರ ಕೀಲಿ ಕೂರುವುದಿಲ್ಲ. ಅಕ್ಷರ ಸರಿಯಾದ ಮೇಲೆ ಯೂನಿಕೋಡಿಗೆ ಬದಲಿಸಿ ಇಟ್ಟುಕೊಳ್ಳಿ, ಬದಲಿಸುವ ಸಾಧನ ನುಡಿಯಲ್ಲೂ ಬರಹದಲ್ಲೂ ಇದೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಒಮ್ಮೆ ಕಣ್ಣಾರೆ ಓದಿ ನೋಡಿ. ಮೂಲ ಫೈಲನ್ನೂ ಉಳಿಸಿಕೊಳ್ಳಿ. ಆ ಹುಡುಗನ ಮುನ್ನೂರು ಪುಟ ಹೀಗೇ ಬಂತು, ಒಂದು ವಾರ ಕರಡು ತಿದ್ದಿದೆವು. ನನ್ನ ಹಳೆಯ ಪೇಜ್‌ಮೇಕರ್ ಫೈಲುಗಳದು ಇನ್ನೂ ದೊಡ್ಡ ಗೋಳು. ೨೦೦೧ರ ಏಳನೇ ಆವೃತ್ತಿಯ ನಂತರ ಅಡೋಬಿ ಅದನ್ನು ಮುಂದುವರಿಸಲಿಲ್ಲ. ಫೈಲು ನೂರಕ್ಕೆ ನೂರು ಚೆನ್ನಾಗಿದೆ, ತೆರೆಯುವ ಮನೆಯೇ ಇಲ್ಲ! ಅದಕ್ಕಾಗಿ ಪ್ರೆಸ್ಸಿನ ಮೂಲೆಯಲ್ಲಿ ಒಂದು ಮುದಿ ಎಕ್ಸ್‌ಪಿ ಕಂಪ್ಯೂಟರನ್ನು ಇಂಟರ್‌ನೆಟ್ ಕೊಡದೆ ಸಾಕಿಕೊಂಡಿದ್ದೇನೆ.

ಇನ್ನು ಡಿಸ್ಕೇ ಕೆಟ್ಟಾಗ ಏನು ಮಾಡಬೇಕು? ಡಿಸ್ಕುಗಳಲ್ಲಿ ಎರಡು ಜಾತಿ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಒಂದು, ತಿರುಗದ ಎಸ್.ಎಸ್.ಡಿ. ಇನ್ನೊಂದು. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಸುತ್ತು ತಿರುಗುತ್ತದೆ. ಓದುವ ತಲೆ ಅದರ ಮೇಲೆ ಮುಟ್ಟದೆ ತೇಲುತ್ತಿರುತ್ತದೆ. ನಡುವಿನ ಸಂದು ನಿಮ್ಮ ಕೂದಲಿನ ದಪ್ಪದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ನಮ್ಮ ಆಫ್‌ಸೆಟ್ ಯಂತ್ರದ ಸಿಲಿಂಡರ್ ಅಂತರ ಹೊಂದಿಸುವ ಮೆಕ್ಯಾನಿಕ್ ಇದನ್ನು ಕೇಳಿ ಕೈ ಮುಗಿದ. ಡಿಸ್ಕ್ "ಟಿಕ್, ಟಿಕ್" ಎನ್ನಲು ಶುರುಮಾಡಿದರೆ ಆ ತಲೆಗೆ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು. ಆಗ ಒಂದೇ ಕೆಲಸ: ಆಫ್ ಮಾಡಿ. "ಇನ್ನೊಂದ್ಸಲ ನೋಡೋಣ" ಎನ್ನುವ ಪ್ರತಿ ಸಲವೂ ತಲೆ ತಟ್ಟೆಯನ್ನು ಕೆರೆಯುತ್ತಿರಬಹುದು. ಕೆರೆದು ಹೋದ ಪುಡಿಯಿಂದ ಫೈಲು ತೆಗೆಯುವ ವಿದ್ಯೆ ಯಾರಲ್ಲೂ ಇಲ್ಲ. ಫ್ರಿಜ್ಜಿನಲ್ಲಿಟ್ಟರೆ ಬರುತ್ತದೆ ಎನ್ನುವ ಮಹಾಶಯರ ಮಾತು ಕೇಳಬೇಡಿ, ಹೊರತೆಗೆದಾಗ ಒಳಗೆ ನೀರು ಕೂರುತ್ತದೆ.

ಸದ್ದಿಲ್ಲ, ಆದರೆ ಓದುವುದು ಆಮೆಯ ನಡಿಗೆ, ನಡುನಡುವೆ ನಿಂತುಬಿಡುತ್ತದೆ ಎಂದಾದರೆ ಡಿಸ್ಕ್ ಕೊನೆಯುಸಿರು ಎಳೆಯುತ್ತಿದೆ. ವಿಂಡೋಸ್ "ಸ್ಕ್ಯಾನ್ ಮಾಡಿ ಸರಿಪಡಿಸಲೇ?" ಎಂದು ಕೇಳುತ್ತದೆ, ಬೇಡವೆನ್ನಿ. ಚೆಕ್‌ಡಿಸ್ಕ್ ಡಿಸ್ಕಿನ ಮೇಲೆ ಬರೆಯುತ್ತದೆ, ಒಡೆದ ಫೈಲನ್ನು ಚೂರು ಮಾಡಿ ಹೆಸರಿಲ್ಲದ ಫೋಲ್ಡರಿಗೆ ತುಂಬುವುದೂ ಉಂಟು. ಲಿನಕ್ಸಿನಲ್ಲಿ ಡಿಡಿ-ರೆಸ್ಕ್ಯೂ ಎಂಬ ಉಚಿತ ಸಾಧನವಿದೆ, ಬುದ್ಧಿವಂತ ಪ್ರಾಣಿ. ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ಇನ್ನೊಂದು ಡಿಸ್ಕಿಗೆ ಎತ್ತಿಕೊಳ್ಳುತ್ತದೆ, ಕಷ್ಟದ ಜಾಗಗಳಿಗೆ ಆಮೇಲೆ ಹಿಂತಿರುಗುತ್ತದೆ. ಎಲ್ಲಿವರೆಗೆ ಬಂತು ಎಂದು ನಕ್ಷೆ ಬರೆದಿಟ್ಟುಕೊಳ್ಳುವುದರಿಂದ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಯಬಹುದು. ಆ ಪ್ರತಿಯ ಮೇಲೆ ನಿಮ್ಮ ಪ್ರಯೋಗ ನಡೆಸಿ, ಮೂಲವನ್ನು ಮುಟ್ಟಬೇಡಿ.

ಅಳಿಸಿದ ಫೈಲಿನ ವಿಷಯಕ್ಕೆ ನಮ್ಮಪ್ಪನ ಕಾಲದ ಪ್ರೆಸ್ಸೇ ಒಳ್ಳೆಯ ಪಾಠ. ಆಗ ಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದರು. ಅಚ್ಚಾದ ಪುಟವನ್ನು ರಿಜಿಸ್ಟರಿನಲ್ಲಿ ಹೊಡೆದು ಹಾಕಿದರೂ ಮೊಳೆಗಳು ದಾರ ಕಟ್ಟಿಕೊಂಡು ಗ್ಯಾಲಿಯಲ್ಲಿ ಹಾಗೇ ಕೂತಿರುತ್ತಿದ್ದವು. ಇನ್ನೊಂದು ಪುಟಕ್ಕೆ ಮೊಳೆ ಸಾಲದೆ ಬಂದಾಗಷ್ಟೇ ಅದನ್ನು ಕಳಚುತ್ತಿದ್ದರು. ಹಾರ್ಡ್ ಡಿಸ್ಕ್ ಮಾಡುವುದೂ ಇಷ್ಟೇ. ಡಿಲೀಟ್ ಎಂದರೆ ರಿಜಿಸ್ಟರಿನಲ್ಲಿ ಗೆರೆ ಎಳೆದದ್ದು. ಹೊಸ ಫೈಲು ಬಂದು ಆ ಜಾಗ ಕೇಳುವ ತನಕ ಹಳೆಯದು ಅಲ್ಲೇ ಇರುತ್ತದೆ. ಆದ್ದರಿಂದ ಅಳಿಸಿದ ಕ್ಷಣದಿಂದ ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಫೈಲು ಹುಡುಕುವ ತಂತ್ರಾಂಶವನ್ನೇ ಅದೇ ಡಿಸ್ಕಿಗೆ ಇಳಿಸುವವರಿದ್ದಾರೆ. ಕಳ್ಳನನ್ನು ಹುಡುಕಲು ಹೋಗಿ ಹೆಜ್ಜೆ ಗುರುತಿನ ಮೇಲೇ ನಡೆದ ಹಾಗಾಯಿತು. ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಬೇರೆ ಕಂಪ್ಯೂಟರಿನಿಂದ ಓಡಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಇಳಿಸಿ. ಹೆಸರು ಫೋಟೋ ಎಂದಿದ್ದರೂ ವರ್ಡ್, ಪಿ.ಡಿ.ಎಫ್., ಆಡಿಯೋ ಎಲ್ಲವನ್ನೂ ಹುಡುಕುತ್ತದೆ. ಫೈಲಿನ ಹೆಸರು ಮಾತ್ರ ಸಿಗದು, ಅಂಕಿಗಳ ಹೆಸರಿನ ಸಾವಿರಾರು ಫೈಲು ಮುಂದೆ ಬಂದು ಬೀಳುತ್ತವೆ, ಒಂದೊಂದೇ ತೆರೆದು ನೋಡುವ ತಾಳ್ಮೆ ನಿಮ್ಮದು.

ಎಸ್.ಎಸ್.ಡಿ. ಯಲ್ಲಿ ಈ ಭಾಗ್ಯ ಇಲ್ಲ. ಅದರಲ್ಲಿ ಟ್ರಿಮ್ ಎಂಬ ವ್ಯವಸ್ಥೆಯಿದೆ. ನೀವು ಅಳಿಸಿದ ಜಾಗವನ್ನು ಡಿಸ್ಕು ತಾನೇ ಬಿಡುವಾದಾಗ ತೊಳೆದು ಒಣಗಿಸಿ ಇಡುತ್ತದೆ. ಹಾಗಾಗಿ ಎಸ್.ಎಸ್.ಡಿ.ಯನ್ನು ಅಂಗಡಿಯವನು ಫಾರ್ಮ್ಯಾಟ್ ಮಾಡಿದ ಮೇಲೆ ನನ್ನ ಹತ್ತಿರ ಬಂದರೆ ನಾನು ಕಾಫಿ ಕುಡಿಸಿ ಕಳಿಸಬಹುದು ಅಷ್ಟೆ.

ಈಚೆಗೆ ಎದ್ದಿರುವ ಹೊಸ ಗೋಡೆ ಬೀಗದ್ದು. ಬಿಟ್‌ಲಾಕರ್ ಎಂದು ಕೇಳಿರಬೇಕು. ೨೦೨೪ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ೧೧ರ ೨೪ಎಚ್೨ ಆವೃತ್ತಿಯನ್ನು ಹೊಸದಾಗಿ ಹಾಕಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ, ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಕಳ್ಳರಿಂದ ರಕ್ಷಣೆ, ಒಳ್ಳೆಯದೇ. ಆದರೆ ಬೋರ್ಡ್ ಸತ್ತು ನೀವು ಡಿಸ್ಕ್ ಹೊರತೆಗೆದು ಬೇರೆ ಕಂಪ್ಯೂಟರಿಗೆ ಹಾಕಿದಾಗ ಅದು ೪೮ ಅಂಕಿಗಳ ಕೀಲಿ ಕೇಳುತ್ತದೆ. ಅಷ್ಟು ಜನರಲ್ಲಿ ಬೀಗ ಬಿದ್ದಿದೆ ಎಂದೇ ಗೊತ್ತಿಲ್ಲದವರು ಎಷ್ಟೋ! ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಮೊಬೈಲಿನಿಂದ ಒಳಗೆ ಹೋಗಿ ನೋಡಬಹುದು. ಆ ಖಾತೆಯ ಪಾಸ್‌ವರ್ಡೂ ಮರೆತು, ಹಳೆಯ ಮೊಬೈಲ್ ನಂಬರೂ ಬಿಟ್ಟುಹೋಗಿದ್ದರೆ ಬ್ರಹ್ಮ ಬಂದರೂ ತೆರೆಯಲಾರ. ಇವತ್ತು ರಾತ್ರಿ ಮನೆಗೆ ಹೋದವರು ಆ ೪೮ ಅಂಕಿ ಕಾಗದದ ಮೇಲೆ ಬರೆದಿಡಿ. ಹೌದು, ಕಾಗದದ ಮೇಲೆ. ಪ್ರೆಸ್ಸಿನವನು ಕಾಗದ ಎನ್ನದೆ ಇನ್ನೇನು ಅಂದಾನು!

ಆಪಲ್ ಇಟ್ಟುಕೊಂಡವರು ಇನ್ನೂ ಎಚ್ಚರವಾಗಿರಿ. ೨೦೧೮ರಿಂದ ಟಿ ೨ ಚಿಪ್, ೨೦೨೦ರಿಂದ ಎಂ ೧ ಮತ್ತು ಅದರ ಮಕ್ಕಳು ಬಂದ ಮೇಲೆ ಮ್ಯಾಕ್‌ಬುಕ್ಕಿನ ಡಿಸ್ಕ್ ಬೋರ್ಡಿಗೇ ಬೆಸೆದುಕೊಂಡಿದೆ, ಒಳಗಿನ ಬರಹ ಅದೇ ಚಿಪ್ಪಿನ ಕೀಲಿಗೆ ಅಂಟಿಕೊಂಡಿದೆ. ಬಿಚ್ಚಿ ಬೇರೆ ಕಡೆ ಹಾಕುವ ಮಾತೇ ಇಲ್ಲ. ಫೈಲು ಬೇಕೆಂದರೆ ಆ ಬೋರ್ಡನ್ನೇ ಒಂದು ಸಲವಾದರೂ ಉಸಿರಾಡಿಸಬೇಕು. ಬೋರ್ಡಿನ ಮಟ್ಟದಲ್ಲಿ ಕೆಲಸ ಬಲ್ಲವರನ್ನೇ ಹುಡುಕಿ, ಇಡೀ ಬೋರ್ಡ್ ಬದಲಿಸಿಕೊಡುತ್ತೇವೆ ಎಂದವರಿಗೆ ಹೂಂ ಅನ್ನಬೇಡಿ. ಬೋರ್ಡ್ ಹೋಯಿತೆಂದರೆ ಫೈಲು ಅದರ ಹಿಂದೆಯೇ ಹೋಯಿತು.

ಕೀಲಿಮಣೆಯ ಮೇಲೆ ಕಾಫಿ ಚೆಲ್ಲಿದವರು ಕೈ ಎತ್ತಿ... ಅಬ್ಬಾ! ಚೆಲ್ಲಿದ ಕೂಡಲೇ ಪವರ್ ಗುಂಡಿ ಒತ್ತಿ ಹಿಡಿದು ಆಫ್ ಮಾಡಿ, ಚಾರ್ಜರ್ ಕೀಳಿ, ಬೋರಲು ಹಾಕಿ. ಅಕ್ಕಿಯಲ್ಲಿ ಹೂಳಬೇಡಿ, ಅಕ್ಕಿ ಅನ್ನಕ್ಕೆ. "ಒಣಗಿತೇನೋ" ಎಂದು ನಡುವೆ ಆನ್ ಮಾಡಿ ನೋಡುವ ಚಪಲವೇ ಬೋರ್ಡನ್ನು ಸುಡುವುದು. ಬಿಚ್ಚಿ ತೊಳೆಯಬಲ್ಲವರ ಹತ್ತಿರ ಅವತ್ತೇ ಒಯ್ಯಿರಿ.

ಟಿಕ್ ಟಿಕ್ ಎನ್ನುವ ಡಿಸ್ಕಿಗೆ ಧೂಳಿಲ್ಲದ ಕೋಣೆಯಿರುವ ಡೇಟಾ ರಿಕವರಿ ಪ್ರಯೋಗಾಲಯವೇ ಗತಿ. ಅಲ್ಲಿ ದುಡ್ಡು ಸಾವಿರಗಳಲ್ಲಿ ಹೋಗುತ್ತದೆ, ನೂರರಲ್ಲಿ ಮುಗಿಯುವುದಿಲ್ಲ. ಕೊಡುವ ಮೊದಲು ಮೂರು ಮಾತು ಬಾಯಿಬಿಟ್ಟು ಕೇಳಿ. ಪರೀಕ್ಷೆಗೆ ಎಷ್ಟು? ಫೈಲು ಸಿಗದಿದ್ದರೆ ಎಷ್ಟು? ಸಿಕ್ಕ ಫೈಲುಗಳ ಪಟ್ಟಿ ದುಡ್ಡು ಕಟ್ಟುವ ಮೊದಲೇ ತೋರಿಸುತ್ತೀರಾ? ಉತ್ತರ ತಡವರಿಸಿದರೆ ಡಿಸ್ಕ್ ಜೇಬಿಗೆ ಹಾಕಿಕೊಂಡು ಎದ್ದು ಬನ್ನಿ. ಅವಸರವಿಲ್ಲ, ಆಫ್ ಆಗಿರುವ ಡಿಸ್ಕ್ ಒಂದು ತಿಂಗಳು ಕಾದರೂ ಏನೂ ಕೆಡುವುದಿಲ್ಲ.

ಮಾತು ಸಾಕು. ಈ ಮೇಜಿನ ಮೇಲೆ ನಾಲ್ಕು ಸತ್ತ ಲ್ಯಾಪ್‌ಟಾಪ್ ತಂದಿಟ್ಟಿದ್ದೇನೆ, ನಾಲ್ಕಕ್ಕೂ ಬೇರೆ ಬೇರೆ ಕಾಯಿಲೆ. ಸ್ಕ್ರೂಡ್ರೈವರ್, ಎರಡು ಬಗೆಯ ಯು.ಎಸ್.ಬಿ. ಕವಚ, ಉಬುಂಟು ಪೆನ್‌ಡ್ರೈವ್ ಇಲ್ಲಿವೆ. ಸ್ಕ್ರೂಗಳನ್ನು ಈ ಹಾಳೆಯ ಮೇಲೆ ಬಿಚ್ಚಿದ ಜಾಗದ ಪ್ರಕಾರ ಜೋಡಿಸಿಡಿ, ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಬೋರ್ಡಿಗೆ ತೂತು. ಐದೈದು ಜನರ ಗುಂಪು ಮಾಡಿಕೊಂಡು ಬ್ಯಾಟರಿಯ ಕೊಂಡಿ ಮೊದಲು ತಪ್ಪಿಸಿ. ಕಿಟಕಿ ಪಕ್ಕದವರು ಆ ಕಪ್ಪು ಡೆಲ್ಲಿನಿಂದ ಶುರುಮಾಡಿ, ಬನ್ನಿ.